ಲೈನಲ್ಲೇ ಇರಿ: ದಿನಾ ಫೋನಿನಲ್ಲಿ ನೋಡ್ತೀವಲ್ಲ, ಹೋಗೋದ್ಯಾಕೆ?

ಹೋದ ತಿಂಗಳು ಈ ಅಂಕಣದಲ್ಲಿ ನಾನೇ ನಿಮಗೊಂದು ಪ್ರಶ್ನೆ ಕೇಳಿದ್ದೆ. ವೀಡಿಯೊ ಕಾಲ್, ಆನ್‌ಲೈನ್ ಸೇವೆ ಎಲ್ಲ ಬಂದ ಮೇಲೆ ನಿಮ್ಮ ಓಡಾಟ ಕಡಿಮೆ ಆಯ್ತಾ, ಜಾಸ್ತಿ ಆಯ್ತಾ ಅಂತ. ಉತ್ತರದ ಬದಲು ಪ್ರಶ್ನೆಗಳೇ ಹೆಚ್ಚು ಬಂದಿವೆ. ಎಲ್ಲಕ್ಕೂ ಜಾಗ ಸಾಲದು, ಒಂಬತ್ತು ಪತ್ರ ಆರಿಸಿಕೊಂಡಿದ್ದೇನೆ. ಹೊಸದಾಗಿ ಓದುತ್ತಿರುವವರಿಗೆ ಒಂದು ಮಾತು. ನಾನು 1980ರಲ್ಲಿ ಶಿವಮೊಗ್ಗದ ಟೆಲಿಫೋನ್ ಎಕ್ಸ್‌ಚೇಂಜಿಗೆ ಟ್ರಂಕ್ ಆಪರೇಟರ್ ಆಗಿ, ಅಂದರೆ ದೂರದ ಊರುಗಳ ಫೋನಿಗೆ ಲೈನ್ ಜೋಡಿಸಿಕೊಡುವ ಕೆಲಸಕ್ಕೆ, ಸೇರಿದವಳು. 36 ವರ್ಷ ಫೋನಿನ ಕೆಲಸದಲ್ಲೇ ಕಳೆದೆ. ‘ಲೈನಲ್ಲೇ ಇರಿ’ ಅನ್ನೋದು ಆಗ ದಿನಕ್ಕೆ ನೂರಾರು ಸಲ ನನ್ನ ಬಾಯಿಂದ ಬರುತ್ತಿದ್ದ ಮಾತು.

ಮಗ ನ್ಯೂಜೆರ್ಸಿಯಲ್ಲಿದ್ದಾನೆ. ದಿನಾ ಸಂಜೆ ವೀಡಿಯೊ ಕಾಲ್ ಮಾಡ್ತಾನೆ, ಒಂದು ದಿನವೂ ತಪ್ಪಿಸಿಲ್ಲ. ಆದರೆ ಊರಿಗೆ ಬಂದು ಮೂರು ವರ್ಷ ಆಯ್ತು. ಕೇಳಿದರೆ ‘ದಿನಾ ನೋಡ್ತೀವಲ್ಲಮ್ಮ, ನಾಲ್ಕು ಜನರ ಟಿಕೆಟ್ಟಿಗೆ ಅಷ್ಟು ದುಡ್ಡು ಯಾಕೆ’ ಅಂತಾನೆ. ಅವನು ಹೇಳೋದೂ ಸರಿ ಅನ್ನಿಸುತ್ತೆ. ಬಾ ಅಂತ ಹಟ ಮಾಡೋದು ತಪ್ಪಾ ಮೇಡಂ?
– ನಿವೃತ್ತ ಶಿಕ್ಷಕಿ, ಸಾಗರ

ತಪ್ಪಲ್ಲ ಅಮ್ಮ. ಹಟ ಮಾಡಿ. ಯಾಕೆ ಅಂತ ನನ್ನ ಮನೆಯದೇ ಒಂದು ವಿಷಯ ಹೇಳುತ್ತೇನೆ.

ನನ್ನ ತಾಯಿ ತೀರ್ಥಹಳ್ಳಿ ಕಡೆಯ ಹಳ್ಳಿಯಲ್ಲಿದ್ದರು. ನಾನು ಮೈಸೂರಿನಲ್ಲಿ. ಡೇಟಾ ಅಗ್ಗ ಆದ ಮೇಲೆ ಅವರಿಗೊಂದು ಸ್ಮಾರ್ಟ್‌ಫೋನ್ ಕೊಡಿಸಿದೆ. ಮನೆಯಲ್ಲಿ ಜಗಲಿಯ ಒಂದು ಮೂಲೆಯಲ್ಲಿ ಮಾತ್ರ ಸಿಗ್ನಲ್. ಅಮ್ಮ ದಿನಾ ಆರು ಗಂಟೆಗೆ ತಲೆ ಬಾಚಿ, ಕುಂಕುಮ ಇಟ್ಟುಕೊಂಡು, ಅಲ್ಲಿ ಕುರ್ಚಿ ಹಾಕಿಕೊಂಡು ಕೂರುತ್ತಿದ್ದರು. ಮುಖ ಲಕ್ಷಣವಾಗಿ ಕಾಣುತ್ತಿತ್ತು. ಅಡಿಕೆ ರೇಟು, ಪಕ್ಕದ ಮನೆಯ ಕರು, ಎಲ್ಲ ಮಾತಾಡುತ್ತಿದ್ದೆವು. ಚೆನ್ನಾಗಿದ್ದಾರೆ ಅಂತ ನಾನು ಎಂಟು ತಿಂಗಳು ಊರ ಕಡೆ ಹೋಗಲಿಲ್ಲ.

ಆಮೇಲೆ ಒಂದು ಗೃಹಪ್ರವೇಶಕ್ಕೆ ಹೋದವಳು ಅಮ್ಮನ ಜೊತೆ ಉಳಿದೆ. ಬೆಳಿಗ್ಗೆ ಕಸ ಗುಡಿಸುವಾಗ ಗೋಡೆ ಕಣ್ಣಿಗೆ ಬಿತ್ತು. ಅಮ್ಮನ ಕೋಣೆಯಿಂದ ಬಚ್ಚಲಿನವರೆಗೆ ಸುಣ್ಣದ ಗೋಡೆಯ ಮೇಲೆ ಒಂದು ಕಪ್ಪು ಪಟ್ಟೆ. ಸೊಂಟದೆತ್ತರದಲ್ಲಿ, ಅಂಗೈ ಅಗಲ. ಬಾಗಿಲು ಬಂದ ಕಡೆ ಪಟ್ಟೆ ನಿಂತು, ಚೌಕಟ್ಟಿನ ಮೇಲೆ ಮರ ನುಣುಪಾಗಿ, ಆ ಕಡೆಯ ಗೋಡೆಯಲ್ಲಿ ಮತ್ತೆ ಶುರುವಾಗಿತ್ತು. ಕೈ ಇಟ್ಟು ನೋಡಿದೆ. ಎಣ್ಣೆಜಿಡ್ಡು. ಅಮ್ಮ ಗೋಡೆ ಹಿಡಿದುಕೊಂಡೇ ನಡೆಯುತ್ತಿದ್ದರು, ತಿಂಗಳುಗಟ್ಟಲೆ. ಕೇಳಿದರೆ ‘ಕತ್ತಲಲ್ಲಿ ಹಿಡ್ಕೋತೀನಿ ಅಷ್ಟೆ’ ಅಂದರು. ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಶಿವಮೊಗ್ಗಕ್ಕೆ ಕರೆದುಕೊಂಡು ಹೋಗಿ ಆಪರೇಷನ್ ಮಾಡಿಸಿದೆ. ಆ ದೀಪಾವಳಿಗೆ ಗೋಡೆಗೆ ಸುಣ್ಣ ಹೊಡೆಸಿದೆವು. ಪಟ್ಟೆ ಮತ್ತೆ ಬರಲಿಲ್ಲ.

ಅಮ್ಮ ಸುಳ್ಳು ಹೇಳಿರಲಿಲ್ಲ. ಫೋನೂ ಸುಳ್ಳು ಹೇಳಿರಲಿಲ್ಲ. ಅದು ಮುಂದಿದ್ದ ಮುಖವನ್ನು ತೋರಿಸಿತು. ಗೋಡೆ ಹಿಂದಿತ್ತು.

ಇನ್ನೊಂದು ವಿಷಯ. ಫೋನ್ ಬಂದರೆ ಪ್ರಯಾಣ ತಪ್ಪುತ್ತೆ ಅನ್ನೋ ಮಾತು ನಾನು ಕೆಲಸಕ್ಕೆ ಸೇರಿದಾಗಲೂ ಇತ್ತು. ಬೋರ್ಡಿನ ಮುಂದೆ ಕೂತು ತಂತಿಯ ತುದಿಯನ್ನು ಚುಚ್ಚಿ ಲೈನ್ ಕೊಡುತ್ತಿದ್ದೆವು. ಲೈನ್ ಸರಿ ಇದೆಯಾ ಅಂತ ನಡುವೆ ಕಿವಿ ಕೊಡಬೇಕಿತ್ತು. ಮೂರು ನಿಮಿಷಕ್ಕೆ ‘ಟೈಮ್ ಆಯ್ತು, ಮುಂದುವರಿಸಲಾ’ ಅಂತ ಕೇಳಬೇಕಿತ್ತು. ಕಿವಿಗೆ ಬೀಳುತ್ತಿದ್ದ ಮಾತು ಏನು ಗೊತ್ತಾ? ‘ಕೂಡಲೇ ಹೊರಟು ಬಾ’, ‘ನಾಳೆ ಬೆಳಗಿನ ಬಸ್ಸಿಗೆ ಬರ್ತೀವಿ’, ‘ಹೆಣ್ಣು ನೋಡೋಕೆ ಭಾನುವಾರ ಬನ್ನಿ’. ಆ ಫೋನುಗಳೇ ಜನರನ್ನು ಬಸ್ಸು ಹತ್ತಿಸುತ್ತಿದ್ದವು. ಈಗಲೂ ಅಷ್ಟೆ. ಕೋವಿಡ್ ಕಾಲದಲ್ಲಿ ಇಡೀ ದೇಶ ವೀಡಿಯೊ ಕಾಲ್ ಕಲಿತಿತು. ಇನ್ನು ಯಾರು ವಿಮಾನ ಹತ್ತುತ್ತಾರೆ ಅಂದರು. ನಮ್ಮ ದೇಶದೊಳಗೆ ವಿಮಾನದಲ್ಲಿ ಓಡಾಡಿದವರು 2019ರಲ್ಲಿ ಸುಮಾರು 14.4 ಕೋಟಿ. 2023ರಲ್ಲಿ 15 ಕೋಟಿ ದಾಟಿತು.

ನಿಮ್ಮ ಮಗನಿಗೆ ಹೀಗೆ ಹೇಳಿ ನೋಡಿ: ‘ನಾಲ್ಕು ಟಿಕೆಟ್ ಬೇಡ. ಈ ಸಲ ನೀನೊಬ್ಬನೇ ಹತ್ತು ದಿನ ಬಾ.’ ಲೆಕ್ಕ ಹಾಕುವವರಿಗೆ ಲೆಕ್ಕದಲ್ಲೇ ಹೇಳಬೇಕು. ಬರೋವರೆಗೆ, ವಾರಕ್ಕೊಂದು ಸಲ ಕುರ್ಚಿಯಿಂದ ಎದ್ದು, ಫೋನ್ ಹಿಡಿದುಕೊಂಡು ಅಡುಗೆಮನೆ, ಹಿತ್ತಿಲು ಎಲ್ಲ ಅವನಿಗೆ ತೋರಿಸುತ್ತಾ ನಡೆಯಿರಿ.

ಎಲ್ಲ ಆನ್‌ಲೈನ್ ಅಂತಾರೆ. ಅಣ್ಣತಮ್ಮಂದಿರ ಪಾಲಾಗಿ ಪೋಡಿಗೆ, ಅಂದರೆ ಜಮೀನು ಅಳೆದು ಬೇರೆಬೇರೆ ಮಾಡಿಸೋಕೆ, ಅರ್ಜಿ ಕೊಟ್ಟಿದ್ದೇನೆ. ಆರು ಸಲ ತಾಲ್ಲೂಕಿಗೆ ಹೋಗಿ ಬಂದೆ. ಮೂರು ಸಲ ‘ಸರ್ವರ್ ಇಲ್ಲ’ ಅಂದರು. ಮೊದಲಿನದೇ ಚೆನ್ನಾಗಿತ್ತು ಅನ್ನಿಸುತ್ತೆ. ನೀವೇನಂತೀರಿ ಅಕ್ಕಾ?
– ರೈತ, ಹಿರೇಕೆರೂರು

ನಿಮ್ಮ ಸಿಟ್ಟು ನ್ಯಾಯವಾದದ್ದು ತಮ್ಮಾ. ಒಂದು ದಿನ ತಾಲ್ಲೂಕಿಗೆ ಹೋಗೋದು ಅಂದರೆ ಒಂದು ದಿನದ ಕೂಲಿ, ಬಸ್ ಚಾರ್ಜು, ಹೋಟೆಲ್ ಊಟ. ಅದನ್ನೆಲ್ಲ ಯಾರೂ ಲೆಕ್ಕಕ್ಕೆ ಹಿಡಿಯೋದಿಲ್ಲ. ಆದರೆ ಮೊದಲಿನದೇ ಚೆನ್ನಾಗಿತ್ತು ಅನ್ನೋದನ್ನು ಒಪ್ಪಲಾರೆ. ಮೊದಲು ಪಹಣಿ, ಅಂದರೆ ಜಮೀನಿನ ದಾಖಲೆ, ಇದ್ದದ್ದು ಕೈಬರಹದಲ್ಲಿ, ಗ್ರಾಮ ಲೆಕ್ಕಿಗರ ಹತ್ತಿರ. ಸಾಲಕ್ಕೆ ಒಂದು ಪಹಣಿ ಬೇಕು ಅಂದರೆ ನನ್ನ ಮಾವನವರು ಮೊದಲು ಆ ಪುಣ್ಯಾತ್ಮರು ಇವತ್ತು ಯಾವ ಊರಿನಲ್ಲಿದ್ದಾರೆ ಅಂತ ಹುಡುಕಿಕೊಂಡು ಹೋಗಬೇಕಿತ್ತು. ಸಿಕ್ಕರೂ ಕೆಲಸ ಆಗುತ್ತೆ ಅಂತ ಇರಲಿಲ್ಲ. ರಾಜ್ಯ ಸರ್ಕಾರದ ‘ಭೂಮಿ’ ಯೋಜನೆಯಲ್ಲಿ 67 ಲಕ್ಷ ರೈತರ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಹೋದವು. ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿ ಕೊಟ್ಟರೆ ಪಹಣಿ ಕೈಗೆ ಬರುವಂತಾಯ್ತು. ಈಗ ಮನೆಯಲ್ಲೇ ನೋಡಬಹುದು. ಅಲ್ಲಿ ತಪ್ಪಿದ ಓಡಾಟ ಸಣ್ಣದಲ್ಲ.

ನಾನು ಎರಡು ಪದಗಳನ್ನು ಬೇರೆಬೇರೆ ಇಟ್ಟುಕೊಂಡಿದ್ದೇನೆ. ಪ್ರಯಾಣ ಒಂದು, ಅಲೆದಾಟ ಇನ್ನೊಂದು. ಅಲೆದಾಟ ಅಂದರೆ ನಮಗೆ ಬೇಡದಿದ್ದರೂ ಇನ್ನೊಬ್ಬರ ಸಹಿಗೆ, ಸೀಲಿಗೆ, ಅನುಕೂಲಕ್ಕೆ ನಾವು ಹೋಗಿ ನಿಲ್ಲೋದು. ತಂತ್ರಜ್ಞಾನ ತಿಂದು ಹಾಕಬೇಕಾದ್ದು ಅದನ್ನು. ನಮ್ಮಲ್ಲಿ ಆಗುತ್ತಿರೋದು ಉಲ್ಟಾ ಅಂತ ಎಷ್ಟೋ ಸಲ ಅನ್ನಿಸುತ್ತೆ. ಅಮ್ಮನನ್ನು ನೋಡೋಕೆ ಹೋಗೋದು ನಿಲ್ಲುತ್ತೆ, ತಾಲ್ಲೂಕು ಕಚೇರಿಗೆ ಹೋಗೋದು ನಿಲ್ಲೋದಿಲ್ಲ.

ನಿಮ್ಮ ಕೆಲಸದ ಮಾತಿಗೆ ಬರೋಣ. ಪೋಡಿ ಅಂದರೆ ಸರ್ವೆಯರ್ ಹೊಲಕ್ಕೆ ಬರಲೇಬೇಕು. ಅಕ್ಕಪಕ್ಕದವರು ನಿಂತಿರಬೇಕು, ಕಲ್ಲು ನೋಡಬೇಕು, ಬದು ನೋಡಬೇಕು. ಅದು ಸ್ಕ್ರೀನಿನ ಮೇಲೆ ಆಗೋ ಕೆಲಸ ಅಲ್ಲ, ಆಗಬಾರದು ಕೂಡ. ಅವತ್ತು ಮಾತ್ರ ನೀವು ಎಲ್ಲಿಗೂ ಹೋಗದೆ ಹೊಲದಲ್ಲೇ ಇರಿ. ಉಳಿದದ್ದಕ್ಕೆ, ಅರ್ಜಿ ನಂಬರನ್ನು ಹಾಳೆಯಲ್ಲಿ ಬರೆದು ಫೋನಿನಲ್ಲೂ ಫೋಟೊ ಇಟ್ಟುಕೊಳ್ಳಿ. ಊರಿನ ಗ್ರಾಮ ಒನ್ ಕೇಂದ್ರದಲ್ಲಿ ಅರ್ಜಿ ಎಲ್ಲಿಗೆ ಬಂತು ಅಂತ ಕೇಳಿ. ‘ಸರ್ವರ್ ಇಲ್ಲ’ ಅಂದವರ ಹತ್ತಿರ ಮುಂದಿನ ತಾರೀಖನ್ನು ಬರೆಸಿಕೊಳ್ಳಿ. ಬಾಯಿಮಾತಿನ ತಾರೀಖಿಗೆ ಬಸ್ಸು ಹತ್ತಬೇಡಿ.

ನಾನು 8ನೇ ಕ್ಲಾಸು. ನಮ್ಮ ಶಾಲೆಗೆ ಒಂದು ವಿಆರ್ ಹೆಡ್‌ಸೆಟ್ ಬಂದಿದೆ, ಕಣ್ಣಿಗೆ ಹಾಕಿಕೊಂಡರೆ ಆ ಜಾಗದಲ್ಲೇ ಇದ್ದ ಹಾಗೆ ಕಾಣುತ್ತೆ. ಅದರಲ್ಲಿ ಹಂಪಿ ತೋರಿಸಿದರು. ತುಂಬಾ ಚೆನ್ನಾಗಿತ್ತು, ಆದರೆ ತಲೆ ಸುತ್ತಿತು. ಈ ವರ್ಷ ಹಂಪಿ ಟೂರ್ ಬೇಡ, ಎಲ್ಲರೂ ನೋಡಿ ಆಯ್ತಲ್ಲ ಅಂತಿದ್ದಾರೆ. ನಿಜಕ್ಕೂ ನೋಡಿದ ಹಾಗೆ ಆಯ್ತಾ ಆಂಟಿ?
– ವಿದ್ಯಾರ್ಥಿನಿ, ಬಳ್ಳಾರಿ

ತಲೆ ಸುತ್ತಿದ್ದು ಯಾಕೆ ಅಂತ ಮೊದಲು ಹೇಳುತ್ತೇನೆ ಪುಟ್ಟಿ. ನಮ್ಮ ಕಿವಿಯ ಒಳಗೆ ಮೈ ಅಲುಗಾಟವನ್ನು ತಿಳಿಯುವ ಒಂದು ಭಾಗ ಇದೆ. ಹೆಡ್‌ಸೆಟ್ ಹಾಕಿಕೊಂಡಾಗ ಕಣ್ಣು ‘ನಡೀತಾ ಇದೀನಿ’ ಅನ್ನುತ್ತೆ. ಕಿವಿ ‘ಇಲ್ಲ, ಬೆಂಚಿನ ಮೇಲೆ ಕೂತಿದೀಯ’ ಅನ್ನುತ್ತೆ. ಆ ಜಗಳಕ್ಕೆ ತಲೆ ಸುತ್ತುತ್ತೆ.

ನೋಡಿದ ಹಾಗೆ ಆಗಲಿಲ್ಲ. ಒಂದು ಉದಾಹರಣೆ ಹೇಳಲಾ? ವಿರೂಪಾಕ್ಷ ದೇವಸ್ಥಾನದಲ್ಲಿ ಒಂದು ಕತ್ತಲೆ ಕೋಣೆ ಇದೆ. ಗೋಡೆಯಲ್ಲಿ ಒಂದು ಸಣ್ಣ ಕಿಂಡಿ. ಹೊರಗೆ ಬಿಸಿಲಿದ್ದರೆ ದೊಡ್ಡ ಗೋಪುರದ ನೆರಳು ಆ ಕಿಂಡಿಯಿಂದ ಒಳಗೆ ಬಂದು, ಎದುರು ಗೋಡೆಯ ಮೇಲೆ ತಲೆಕೆಳಗಾಗಿ ಬೀಳುತ್ತೆ. ವಿಜ್ಞಾನದ ಪುಸ್ತಕದಲ್ಲಿ ಸೂಜಿರಂಧ್ರ ಕ್ಯಾಮೆರಾ ಅಂತ ಓದುತ್ತೀಯಲ್ಲ, ಅದೇ. ಹೆಡ್‌ಸೆಟ್ಟಿನಲ್ಲಿ ಅದನ್ನು ತೋರಿಸಿದರೂ ಅದು ಚಿತ್ರದ ಚಿತ್ರ. ಅಲ್ಲಿ ಹೋಗಿ ಕಿಂಡಿಗೂ ಗೋಡೆಗೂ ನಡುವೆ ನಿಂತುಕೋ. ಗೋಪುರ ನಿನ್ನ ಯೂನಿಫಾರಂ ಮೇಲೆ ಬೀಳುತ್ತೆ. ಸುಮಾರು 50 ಮೀಟರ್ ಎತ್ತರದ ಗೋಪುರ, ಬೆಳಕೇ ಅದನ್ನು ನಿನ್ನ ಅಂಗಿಯ ಮೇಲೆ ತಂದು ಹಾಕುತ್ತೆ.

ಹೋಗದೇ ನೋಡುವುದು ಸರಿಯಾದ ಜಾಗಗಳೂ ಇವೆ. ಫ್ರಾನ್ಸಿನಲ್ಲಿ ಲಾಸ್ಕೋ ಅನ್ನೋ ಗುಹೆ ಇದೆ. ಸುಮಾರು 17 ಸಾವಿರ ವರ್ಷ ಹಿಂದಿನ ಜನ ಗೋಡೆಯ ಮೇಲೆ ಕುದುರೆ, ಗೂಳಿ ಬರೆದಿದ್ದಾರೆ. 1940ರಲ್ಲಿ ಸಿಕ್ಕಿತು, 1948ರಲ್ಲಿ ಜನರಿಗೆ ತೆರೆದರು. ಜನ ಬಂದು ಬಂದು, ಅವರ ಉಸಿರಿಗೇ ಒಳಗಿನ ಗಾಳಿ ಕೆಟ್ಟಿತು, ಗೋಡೆಗೆ ಪಾಚಿ ಹಿಡಿಯಿತು. 1963ರಲ್ಲಿ ಮುಚ್ಚಿದರು. ಆಮೇಲೆ ಪಕ್ಕದಲ್ಲೇ ಅದರ ನಕಲು ಮಾಡಿದರು, ಮೊದಲನೆಯದು 1983ರಲ್ಲಿ. 2016ರಲ್ಲಿ ಬಂದದ್ದಕ್ಕೆ ಗುಹೆಯ ಡಿಜಿಟಲ್ ಅಳತೆ ತೆಗೆದು ಗೆರೆ ಗೆರೆಯನ್ನೂ ಹಾಗೇ ಮೂಡಿಸಿದ್ದಾರೆ. ಅಲ್ಲಿ ನಕಲು ನೋಡೋದೇ ಗುಹೆಗೆ ನಾವು ಕೊಡೋ ಗೌರವ. ಹಂಪಿಯಲ್ಲೂ ವಿಠ್ಠಲ ದೇವಸ್ಥಾನದ ಸಂಗೀತದ ಕಂಬಗಳನ್ನು ಈಗ ತಟ್ಟುವಂತಿಲ್ಲ. ಆ ಸ್ವರವನ್ನು ರೆಕಾರ್ಡಿನಲ್ಲೇ ಕೇಳು, ಕಂಬ ಉಳಿಯಲಿ.

ಆದರೆ ಹಂಪಿ ಮುಚ್ಚಿಲ್ಲ. ಬಳ್ಳಾರಿಯಿಂದ ಹೊಸಪೇಟೆ ಬಸ್ಸು, ಅಲ್ಲಿಂದ ಹಂಪಿ ಬಸ್ಸು, ಬುತ್ತಿ ಕಟ್ಟಿಕೊಂಡು ಹೋದರೆ ಸಂಜೆಗೆ ಮನೆ. ನಿಮ್ಮ ಮೇಷ್ಟರಿಗೆ ಈ ಪುಟ ತೋರಿಸು. ಹೋಗೋ ಮುಂಚೆ ಹೆಡ್‌ಸೆಟ್ಟಿನಲ್ಲಿ ಇನ್ನೊಂದು ಸಲ ನೋಡಿ, ಏನೇನು ಹುಡುಕಬೇಕು ಅಂತ ಪಟ್ಟಿ ಮಾಡಿಕೊಳ್ಳಿ. ಆ ಯಂತ್ರದ ಒಳ್ಳೆಯ ಉಪಯೋಗ ಅದೇ.

ಮನೆ ಶಿರಸಿ ಹತ್ತಿರ. ಕೋವಿಡ್‌ನಿಂದ ಮನೆಯಲ್ಲೇ ಕೂತು ಸಾಫ್ಟ್‌ವೇರ್ ಕೆಲಸ ಮಾಡ್ತಿದ್ದೆ. ಈಗ ವಾರಕ್ಕೆ ಮೂರು ದಿನ ಬೆಂಗಳೂರಿನ ಆಫೀಸಿಗೆ ಬರಲೇಬೇಕು ಅಂತಿದ್ದಾರೆ. ಅಪ್ಪ ಅಮ್ಮನ್ನ, ತೋಟಾನ ಬಿಟ್ಟು ಹೋಗಿ ಟ್ರಾಫಿಕ್ಕಿನಲ್ಲಿ ಕೂರೋದರಲ್ಲಿ ಏನು ಅರ್ಥ?
– ಇಂಜಿನಿಯರ್, ಶಿರಸಿ

ಇದರಲ್ಲಿ ನಾನು ನಿಮ್ಮ ಕಡೆ. ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ಕೂರೋದು ಪ್ರಯಾಣ ಅಲ್ಲ, ಶುದ್ಧ ಅಲೆದಾಟ.

ಈ ಯೋಚನೆ ಹೊಸದೇನೂ ಅಲ್ಲ. 1973ರಲ್ಲಿ ಅಮೆರಿಕದ ಜ್ಯಾಕ್ ನಿಲ್ಸ್ ಅನ್ನೋರು ‘ಟೆಲಿಕಮ್ಯೂಟಿಂಗ್’ ಅನ್ನೋ ಪದ ಹುಟ್ಟುಹಾಕಿದರು. ಅದೇ ವರ್ಷ ಪೆಟ್ರೋಲಿಗೆ ಬರ ಬಂತು. ಜನ ಕೆಲಸಕ್ಕೆ ಹೋಗೋ ಬದಲು ಕೆಲಸವೇ ತಂತಿಯ ಮೇಲೆ ಜನರ ಹತ್ತಿರ ಬರಲಿ ಅನ್ನೋದು ಅವರ ವಾದ. ಆದರೆ ಅವರು ಮೊದಲು ಹೇಳಿದ್ದು ಮನೆಯಲ್ಲೇ ಕೂರಿ ಅಂತಲ್ಲ. ದೊಡ್ಡ ಆಫೀಸನ್ನು ಒಡೆದು, ಜನರ ಮನೆಗಳ ಹತ್ತಿರ ಸಣ್ಣ ಸಣ್ಣ ಆಫೀಸು ಮಾಡಿ ಅಂತ. ಈ ಅರ್ಧವನ್ನು ಎಲ್ಲರೂ ಮರೆತರು.

ನಿಮ್ಮ ಹಾಗೆ ಕಂಪ್ಯೂಟರ್ ಕೆಲಸ ಮಾಡುವವರು ಶಿರಸಿ, ಸಿದ್ದಾಪುರ, ಯಲ್ಲಾಪುರದಲ್ಲಿ ಇನ್ನೂ ಹತ್ತಾರು ಜನ ಇದ್ದೇ ಇರುತ್ತಾರೆ. ಬೇರೆಬೇರೆ ಕಂಪನಿಯವರಾದರೂ ಪರವಾಗಿಲ್ಲ. ಪೇಟೆಯಲ್ಲಿ ಒಂದು ಮಾಳಿಗೆ ಬಾಡಿಗೆಗೆ ಹಿಡಿಯಿರಿ. ಎರಡು ಇಂಟರ್ನೆಟ್ ಲೈನ್, ಒಂದು ಯುಪಿಎಸ್. ಯಾಕೆ ಹೇಳುತ್ತೇನೆ ಅಂದರೆ, ಎಕ್ಸ್‌ಚೇಂಜಿನಲ್ಲಿ ಹೊಸಬಳಾಗಿದ್ದಾಗ ನಾನು ಕೆಲಸ ಕಲಿತಿದ್ದು ಪಕ್ಕದ ಕುರ್ಚಿಯ ಹಿರಿಯರ ಕೈ ನೋಡಿ. ಸಿಟ್ಟಾದ ಗಿರಾಕಿಗೆ ಅವರು ಹೇಗೆ ದನಿ ತಗ್ಗಿಸಿ ಮಾತಾಡುತ್ತಿದ್ದರು ಅನ್ನೋದು ಯಾವ ಟ್ರೇನಿಂಗಿನಲ್ಲೂ ಇರಲಿಲ್ಲ. ನಿಮ್ಮ ಮ್ಯಾನೇಜರ್ ಮೂರು ದಿನ ಅನ್ನೋದರ ಹಿಂದೆ ಈ ಚಿಂತೆ ಇದ್ದರೆ ಅದು ಸುಳ್ಳಲ್ಲ. ತಿಂಗಳಿಗೆ ಒಂದು ವಾರ ಒಟ್ಟಿಗೆ ಬಂದು ಕೂರುತ್ತೇನೆ, ಉಳಿದ ದಿನ ಶಿರಸಿಯ ಆ ಮಾಳಿಗೆಯಲ್ಲಿ ಅಂತ ಬರೆದು ಕೊಡಿ. ಆ ಒಂದು ವಾರವನ್ನು ಹೊಸಬರ ಪಕ್ಕದಲ್ಲಿ ಕಳೆಯುತ್ತೇನೆ ಅಂತಲೂ ಬರೆಯಿರಿ.

ನಾವು ಹನ್ನೆರಡು ಜನ ಹೆಂಗಸರು ಫ್ರೀ ಬಸ್ಸಿನಲ್ಲಿ ಧರ್ಮಸ್ಥಳ, ಸುಬ್ರಹ್ಮಣ್ಯಕ್ಕೆ ಹೋಗಿ ಬಂದ್ವಿ. ಮೈದುನ ಬೈತಾನೆ, ‘ಯೂಟ್ಯೂಬಿನಲ್ಲೇ ದೇವರು ಕಾಣ್ತಾನಲ್ಲ, ಬಸ್ಸಿನಲ್ಲಿ ನೂಕಾಡೋದು ಯಾಕೆ’ ಅಂತ.
– ಗೃಹಿಣಿ, ಕೊಪ್ಪಳ

ಮೈದುನನಿಗೆ ಹೇಳಿ, ಯೂಟ್ಯೂಬಿನಲ್ಲಿ ಹನ್ನೆರಡು ಜನ ಹೆಂಗಸರು ರಾತ್ರಿಯೆಲ್ಲ ಮಾತಾಡಿಕೊಂಡು ಹೋಗೋಕೆ ಆಗೋದಿಲ್ಲ. ನೇತ್ರಾವತಿಯಲ್ಲಿ ಕಾಲು ಇಳಿಬಿಟ್ಟು ಕೂರೋಕೂ ಆಗೋದಿಲ್ಲ. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾಯ್ತು. ಆಗ ಎಲ್ಲರ ಕೈಯಲ್ಲೂ ಫೋನ್ ಇತ್ತು, ಎಲ್ಲ ದೇವರೂ ಫೋನಿನಲ್ಲಿದ್ದರು. ಆದರೂ ಮೊದಲ ವಾರದಲ್ಲೇ ಬಸ್ಸುಗಳಲ್ಲಿ ಕಾಲಿಡಲು ಜಾಗ ಇರಲಿಲ್ಲ. ಅಷ್ಟು ವರ್ಷ ಈ ಹೆಂಗಸರು ಹೋಗದೇ ಇದ್ದದ್ದು ಮನಸ್ಸಿಲ್ಲದೆ ಅಲ್ಲ, ಕೈಯಲ್ಲಿ ಕಾಸಿಲ್ಲದೆ. ಮುಂದಿನ ಸಲ ಎಲ್ಲಿಗೆ ಹೋದಿರಿ ಅಂತ ನನಗೆ ಬರೆಯಿರಿ ತಂಗಿ.

ನವೆಂಬರ್ ಬಂದರೆ ಪಿಂಚಣಿಗೆ ‘ಬದುಕಿದ್ದೇನೆ’ ಅಂತ ತೋರಿಸೋಕೆ ಬ್ಯಾಂಕಿಗೆ ಹೋಗಬೇಕು. ಬೆರಳಚ್ಚು ಹಿಡಿಯೋದಿಲ್ಲ. ಮಂಡಿ ನೋವು, ಆಟೋ ಖರ್ಚು. ಮನೆಯಲ್ಲೇ ಆಗುತ್ತಾ?
– ಪಿಂಚಣಿದಾರರು, 79 ವರ್ಷ, ಗದಗ

ಆಗುತ್ತೆ ಸರ್. ಡಿಜಿಟಲ್ ಜೀವನ ಪ್ರಮಾಣ 2014ರಿಂದ ಇದೆ. ವಯಸ್ಸಾದ ಮೇಲೆ ಬೆರಳಿನ ಗೆರೆ ಸವೆಯುತ್ತೆ, ಅದಕ್ಕೇ ಯಂತ್ರ ಹಿಡಿಯೋದಿಲ್ಲ. 2021ರಿಂದ ಮುಖ ತೋರಿಸಿಯೂ ಮಾಡಬಹುದು. ಮೊಮ್ಮಕ್ಕಳ ಫೋನಿನಲ್ಲಿ ‘ಜೀವನ್ ಪ್ರಮಾಣ್’ ಆ್ಯಪ್ ಮತ್ತು ‘ಆಧಾರ್ ಫೇಸ್ ಆರ್‌ಡಿ’ ಆ್ಯಪ್ ಎರಡೂ ಹಾಕಿಸಿ. ಬೆಳಕು ಮುಖದ ಮೇಲೆ ಬೀಳುವಂತೆ ಕಿಟಕಿಗೆ ಮುಖ ಮಾಡಿ ಕೂತು, ಕನ್ನಡಕ ತೆಗೆದು, ಕಣ್ಣು ಮಿಟುಕಿಸಿ. ಆಗದಿದ್ದರೆ ಅಂಚೆಯವರನ್ನು ಕೇಳಿ. ಅಂಚೆ ಪೇಮೆಂಟ್ಸ್ ಬ್ಯಾಂಕಿನ ಪರವಾಗಿ ಪೋಸ್ಟ್‌ಮ್ಯಾನ್ ಸಣ್ಣ ಶುಲ್ಕ ತೆಗೆದುಕೊಂಡು ಮನೆ ಬಾಗಿಲಲ್ಲೇ ಮಾಡಿಕೊಡುತ್ತಾರೆ. ಇನ್ನೊಂದು ವರ್ಷಕ್ಕೆ ನಿಮಗೆ 80 ತುಂಬುತ್ತದೆ. ಕೇಂದ್ರ ಸರ್ಕಾರದ ಪಿಂಚಣಿಯಾದರೆ ಆ ವಯಸ್ಸಿನವರು ಅಕ್ಟೋಬರ್ 1ರಿಂದಲೇ ಕೊಡಬಹುದು, ನವೆಂಬರಿನ ನೂಕುನುಗ್ಗಲು ಇರುವುದಿಲ್ಲ.

ನಾನು ಆಶಾ ಕಾರ್ಯಕರ್ತೆ. ಹಾಡಿಯ (ಆದಿವಾಸಿಗಳ ಊರಿನ) ಒಬ್ಬ ಅಜ್ಜಿಗೆ ಫೋನಿನಲ್ಲಿ ಡಾಕ್ಟರ್ ಹತ್ತಿರ ಮಾತಾಡಿಸಿ ಮಾತ್ರೆ ಕೊಡಿಸಿದೆ. ‘ಕೈ ಮುಟ್ಟದೆ ಯಾವ ಡಾಕ್ಟ್ರು’ ಅಂತ ಮಾತ್ರೆ ನುಂಗಲೇ ಇಲ್ಲ. ಏನು ಹೇಳಲಿ?
– ಎಚ್.ಡಿ. ಕೋಟೆ

ನಿಮ್ಮ ತಾಲ್ಲೂಕಿಗೆ ಈ ವಿಷಯ ಹಳೆಯದು. 2002ರಲ್ಲೇ ಇಸ್ರೊ ಉಪಗ್ರಹದ ಮೂಲಕ ನಿಮ್ಮ ಸರಗೂರಿನ ವಿವೇಕಾನಂದ ಆಸ್ಪತ್ರೆಯನ್ನೂ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯನ್ನೂ ಬೆಂಗಳೂರಿನ ಹೃದಯ ಆಸ್ಪತ್ರೆಯ ಜೊತೆ ಜೋಡಿಸಿತ್ತು. ಎದೆನೋವು ಅಂತ ಬಂದವರ ಇಸಿಜಿಯನ್ನು ಅಲ್ಲಿ ಕೂತು ನೋಡಿ ಇಲ್ಲಿಗೆ ಹೇಳುತ್ತಿದ್ದರು. ಅದಕ್ಕೂ ಒಂದು ವರ್ಷ ಮೊದಲು, 2001ರ ಸೆಪ್ಟೆಂಬರ್ 7ರಂದು, ಜ್ಯಾಕ್ ಮರೆಸ್ಕೊ ಅನ್ನೋ ಸರ್ಜನ್ ನ್ಯೂಯಾರ್ಕಿನಲ್ಲಿ ಕೂತು ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿದ್ದ ಹೆಂಗಸಿನ ಪಿತ್ತಕೋಶ ತೆಗೆದರು, ರೋಬಾಟ್ ಕೈಯಿಂದ. ಸಮುದ್ರದಾಚೆಯಿಂದ ನಡೆದ ಮೊದಲ ಆಪರೇಷನ್ ಅದು. ಆದರೆ ಗಮನಿಸಿ, ರೋಗಿಯ ಪಕ್ಕದಲ್ಲೂ ವೈದ್ಯರು ನಿಂತಿದ್ದರು.

ಹಾಡಿಯಲ್ಲಿ ಹಾಗೆ ನಿಲ್ಲುವವರು ನೀವೇ. ಅಜ್ಜಿ ಹೇಳಿದ್ದು ಮೂಢನಂಬಿಕೆ ಅಲ್ಲ. ಹೊಟ್ಟೆ ಒತ್ತಿ ನೋಡದೆ ತಿಳಿಯದ ಕಾಯಿಲೆಗಳು ಎಷ್ಟೋ ಇವೆ. ಬಿಪಿ, ಸಕ್ಕರೆ, ರಿಪೋರ್ಟ್ ನೋಡಿ ಮಾತ್ರೆ ಮುಂದುವರಿಸೋದು ಇವೆಲ್ಲ ಇ-ಸಂಜೀವಿನಿಯಲ್ಲಿ, ಅಂದರೆ ಫೋನಿನಲ್ಲೇ ಡಾಕ್ಟರನ್ನು ಕಾಣುವ ಸರ್ಕಾರದ ಸೇವೆಯಲ್ಲಿ, ಆಗಲಿ, ಅಷ್ಟು ದೂರದ ಬಸ್ಸು ಉಳಿಯುತ್ತೆ. ಎದೆನೋವು, ಉಬ್ಬಸ, ಬಸುರಿಯರ ತೊಂದರೆ, ಮಗು ಹಾಲು ಬಿಟ್ಟದ್ದು ಇವಕ್ಕೆ ಫೋನ್ ಹಿಡಿದು ಕೂರಬೇಡಿ, ಗಾಡಿ ಮಾಡಿ. ಅಜ್ಜಿಗೆ ಮುಂದಿನ ಸಲ ಡಾಕ್ಟರ್ ಮಾತಾಡುವಾಗ ನೀವು ಅವರ ನಾಡಿ ಹಿಡಿದುಕೊಂಡೇ ಕೂರಿ. ‘ಡಾಕ್ಟ್ರ ಪರವಾಗಿ ನನ್ನ ಕೈ’ ಅನ್ನಿ. ಮಾತ್ರೆ ನುಂಗುತ್ತಾರೆ ಅಂತ ನನ್ನ ನಂಬಿಕೆ.

ಅಮ್ಮ ಮಂಡ್ಯದಲ್ಲಿ. ಮಾತಾಡುವಾಗ ಯಾವಾಗಲೂ ಇಬ್ಬರೂ ಒಟ್ಟಿಗೆ ಶುರು ಮಾಡ್ತೀವಿ, ಆಮೇಲೆ ಇಬ್ಬರೂ ಸುಮ್ನಾಗ್ತೀವಿ. ಜಗಳ ಆಡಿದ ಹಾಗೆ ಅನ್ನಿಸುತ್ತೆ. ಯಾಕೆ ಹೀಗೆ?
– ಟೊರೊಂಟೊ, ಕೆನಡಾ

ಇದು ನನ್ನ ಕಸುಬಿನ ಪ್ರಶ್ನೆ, ಖುಷಿಯಾಯ್ತು. ತಪ್ಪು ನಿಮ್ಮಿಬ್ಬರದೂ ಅಲ್ಲ, ದೂರದ್ದು. ಮೊದಲು ವಿದೇಶದ ಕಾಲ್ ಉಪಗ್ರಹದ ಮೇಲೆ ಹೋಗುತ್ತಿತ್ತು. 36 ಸಾವಿರ ಕಿಲೋಮೀಟರ್ ಮೇಲೆ, ಅಷ್ಟೇ ಕೆಳಗೆ. ಮಾತು ತಲುಪಲು ಕಾಲು ಸೆಕೆಂಡ್. ಉತ್ತರ ಬರಲು ಇನ್ನೊಂದು ಕಾಲು. ಈಗ ಸಮುದ್ರದ ತಳದ ಗಾಜಿನ ಎಳೆಯಲ್ಲಿ ಬೆಳಕಾಗಿ ಹೋಗುತ್ತೆ, ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್. ಅದು ಬೇಗ. ಆದರೆ ದಾರಿಯಲ್ಲಿ ವೈಫೈ, ಆ್ಯಪ್, ವೀಡಿಯೊ ಮಡಚಿ ಬಿಚ್ಚುವ ಕೆಲಸ ಎಲ್ಲ ಸೇರಿ ಮತ್ತೆ ತಡ ಆಗುತ್ತೆ. ಒಂದು ಕಡೆಗೆ 150 ಮಿಲಿಸೆಕೆಂಡ್ ದಾಟಿದರೆ ಮಾತಿನ ತಾಳ ಕೆಡುತ್ತೆ ಅನ್ನೋದು ಫೋನಿನವರ ಹಳೆಯ ಲೆಕ್ಕ. ಎದುರಿನವರು ಸುಮ್ಮನಿದ್ದಾರೆ ಅಂತ ನೀವು ಶುರು ಮಾಡುತ್ತೀರಿ, ಅವರು ಆಗಲೇ ಶುರು ಮಾಡಿ ಆಗಿರುತ್ತೆ.

ರೌಟರ್ ಹತ್ತಿರ ಕೂತು ಇಯರ್‌ಫೋನ್ ಹಾಕಿಕೊಳ್ಳಿ. ಮಾತು ಮುಗಿದಾಗ ‘ಅಲ್ವಾಮ್ಮ?’ ಅಂತ ಸೇರಿಸಿ. ಇನ್ನು ತಮ್ಮ ಸರದಿ ಅಂತ ಅವರಿಗೆ ತಿಳಿಯುತ್ತೆ. ಮತ್ತೆ, ದಿನಾ ಮುಖ ನೋಡಲೇಬೇಕಂತಿಲ್ಲ. ವೀಡಿಯೊ ಆಫ್ ಮಾಡಿ, ಬರೀ ದನಿಯಲ್ಲಿ ಮಾತಾಡಿ ನೋಡಿ. ತಡ ಕಡಿಮೆ, ಮಾತು ಜಾಸ್ತಿ.

ನಮ್ಮ ಮನೆಯವರಿಗೆ ಪಾರ್ಶ್ವವಾಯು ಆಗಿ ಹಾಸಿಗೆ ಹಿಡಿದು ಎರಡು ವರ್ಷ ಆಯ್ತು. ಊರು ರೋಣ ತಾಲ್ಲೂಕು. ‘ಊರಿಗೆ ಹೋಗೂಣು’ ಅಂತ ದಿನಾ ಅಂತಾರೆ. ಕರಕೊಂಡು ಹೋಗೋ ಸ್ಥಿತಿ ಇಲ್ಲ. ಮಗಳು ವಿಆರ್ ತರಿಸ್ತೀನಿ ಅಂತಾಳೆ. ಅದರಿಂದ ಸಮಾಧಾನ ಆಗುತ್ತಾ?
– ಓದುಗರು, ಪುಣೆ

ಅಮ್ಮಾ, ಈ ಪತ್ರವನ್ನು ಎರಡು ಸಲ ಓದಿದೆ. ಹೋಗಲಾರದವರಿಗೆ ‘ಹೋಗಿ ನೋಡಿ’ ಅನ್ನೋದು ಕ್ರೌರ್ಯ. ಇಲ್ಲಿ ಫೋನೇ ಕಾಲಾಗಬೇಕು.

ಹೆಡ್‌ಸೆಟ್ ಬೇಡ. ಮಲಗಿದವರಿಗೆ ಅದು ಭಾರ, ತಲೆ ಸುತ್ತುತ್ತೆ, ಮುಖ ಮುಚ್ಚಿಕೊಂಡರೆ ಗಾಬರಿಯೂ ಆಗಬಹುದು. ಅದಕ್ಕಿಂತ, ಊರಿನಲ್ಲಿರುವ ಒಬ್ಬ ತಾಳ್ಮೆಯ ಹುಡುಗನನ್ನು ಒಪ್ಪಿಸಿ. ಅಣ್ಣನ ಮೊಮ್ಮಗನೋ, ಪಕ್ಕದ ಮನೆಯವನೋ. ಬೆಳಗಿನ ಹೊತ್ತು, ಎಳೆ ಬಿಸಿಲಿನಲ್ಲಿ. ಫೋನ್ ಪೂರ್ತಿ ಚಾರ್ಜ್ ಆಗಿರಲಿ. ಹಿಂದಿನ ಕ್ಯಾಮೆರಾ, ಫೋನ್ ಅಡ್ಡ, ಎದೆಯ ಹತ್ತಿರ ಎರಡೂ ಕೈಯಲ್ಲಿ. ಈ ಕಡೆ ನೀವು ಟಿವಿಗೆ ಜೋಡಿಸಿ ದೊಡ್ಡದಾಗಿ ತೋರಿಸಿ.

ಅವನು ಮನೆಯೊಳಗಿಂದ ಶುರು ಮಾಡಬಾರದು. ಬಸ್ಸಿಳಿಯುವ ಜಾಗದಿಂದ ಶುರು ಮಾಡಲಿ. ನಿಮ್ಮವರು ಊರಿಗೆ ಹೋದಾಗ ಹೇಗೆ ಹೋಗುತ್ತಿದ್ದರೋ ಹಾಗೇ. ಅಗಸಿ ದಾಟಲಿ, ಹನುಮಪ್ಪನ ಗುಡಿ ಮುಂದೆ ನಿಲ್ಲಲಿ, ಕಟ್ಟೆಯ ಮೇಲಿನವರು ‘ಅರಾಮದೀರಿ?’ ಅಂತ ಕೇಳಲಿ. ಎಲ್ಲಿ ತಿರುಗಬೇಕು ಅಂತ ಹುಡುಗ ತೀರ್ಮಾನ ಮಾಡಬಾರದು. ನಿಮ್ಮವರು ಹೇಳಲಿ. ಮಾತು ಬರದಿದ್ದರೆ ಬೆರಳು ತೋರಿಸಲಿ, ನೀವು ‘ಎಡಕ್ಕಪ್ಪಾ’ ಅನ್ನಿ. ಎರಡು ವರ್ಷದಿಂದ ಅವರನ್ನು ಬೇರೆಯವರೇ ಹೊರಳಿಸುತ್ತಿದ್ದಾರೆ. ಈ ಅರ್ಧ ಗಂಟೆ ಅವರೇ ದಾರಿ ಹೇಳಲಿ.

ಅವರು ಅತ್ತರೆ ಫೋನ್ ಕಟ್ ಮಾಡಬೇಡಿ. ಹುಡುಗನಿಗೂ ಮೊದಲೇ ಹೇಳಿಡಿ, ಹೆದರಿ ಮುಂದೆ ಓಡಬೇಡ ಅಂತ. ಒಂದೇ ದಿನ ಇಡೀ ಊರು ಬೇಡ. ಈ ವಾರ ಗುಡಿಯವರೆಗೆ, ಮುಂದಿನ ವಾರ ಹೊಲದವರೆಗೆ. ಹೊಲಕ್ಕೆ ಹೋದ ದಿನ ಹುಡುಗ ಒಂದು ಹೆಂಟೆ ಕರಿ ಮಣ್ಣನ್ನು ಕಾಗದದಲ್ಲಿ ಕಟ್ಟಿಡಲಿ. ಪುಣೆಗೆ ಬರುವವರು ಯಾರಾದರೂ ಸಿಕ್ಕೇ ಸಿಗುತ್ತಾರೆ. ಬಂದ ಮೇಲೆ ಅವರ ಅಂಗೈಯಲ್ಲಿಟ್ಟು, ಮೇಲೆ ನಾಲ್ಕು ಹನಿ ನೀರು ಚಿಮುಕಿಸಿ, ಮೂಗಿನ ಹತ್ತಿರ ಹಿಡಿಯಿರಿ.